ಪ್ರೀಆಕ್ಷನ್ ಸ್ಪ್ರಿಂಕ್ಲರ್‌ನ ನೀರಿನ ಲೆಕ್ಕ: ಇಂಟರ್‌ಲಾಕ್ ಆರಿಸುವಲ್ಲಿಂದ ಸಂಪಿನವರೆಗೆ

"ವೆಟ್ ಸಿಸ್ಟಮ್‌ಗೆ ಮಾಡಿದ ಲೆಕ್ಕ ಕೈಯಲ್ಲಿದೆ. ಸರ್ವರ್ ರೂಮಿಗೆ ಮಾತ್ರ ಪ್ರೀಆಕ್ಷನ್ ಬೇಕು ಅಂತಿದ್ದಾರೆ. ವಾಲ್ವ್ ಒಂದನ್ನು ಬದಲಾಯಿಸಿದರೆ ಸಾಕಲ್ವಾ?" ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಸೈಟ್ ಎಂಜಿನಿಯರ್‌ಗಳು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಇದೇ ಆಗಿರುತ್ತದೆ. ಸಾಲದು. ವೆಟ್ ಸಿಸ್ಟಮ್ ಅಂದರೆ ಸ್ಪ್ರಿಂಕ್ಲರ್ ಪೈಪಿನಲ್ಲಿ ಸದಾ ನೀರು ತುಂಬಿರುವುದು. ಪ್ರೀಆಕ್ಷನ್‌ನಲ್ಲಿ ಪೈಪಿನೊಳಗೆ ನೀರಿನ ಬದಲು ಗಾಳಿ ಇರುತ್ತದೆ ಅನ್ನುವ ಒಂದೇ ಕಾರಣಕ್ಕೆ ಲೆಕ್ಕದ ಐದಾರು ಕಡೆ ಅಂಕಿಗಳು ಬದಲಾಗುತ್ತವೆ. ಕೆಲವು ಬದಲಾವಣೆ ಚಿಕ್ಕವು. ಒಂದೆರಡು ಮಾತ್ರ ನಿಮ್ಮ ಪಂಪನ್ನೇ ದೊಡ್ಡದು ಮಾಡಿಬಿಡುತ್ತವೆ.

ಇಲ್ಲಿ ಎನ್‌ಎಫ್‌ಪಿಎ 13, ಅಂದರೆ ಸ್ಪ್ರಿಂಕ್ಲರ್‌ಗಳ ಅಮೆರಿಕನ್ ಸಂಹಿತೆ, ಹೇಳುವ ದಾರಿಯಲ್ಲಿ ಹೋಗೋಣ. ನಮ್ಮ ಊರಿನ ಡೇಟಾ ಸೆಂಟರ್ ಕೆಲಸಗಳಲ್ಲಿ ಹೆಚ್ಚಾಗಿ ಅದನ್ನೇ ಕೇಳುತ್ತಾರೆ. ನಮ್ಮಲ್ಲಿ ಸ್ಪ್ರಿಂಕ್ಲರ್‌ಗೆ ಭಾರತೀಯ ಮಾನಕ ಐಎಸ್ 15105 ಇದೆ, ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಇದೆ. ಯಾವುದನ್ನು ಅನುಸರಿಸಬೇಕು ಅನ್ನುವುದನ್ನು ಮಾಲೀಕರು, ವಿಮೆ ಕಂಪನಿ, ಅಗ್ನಿಶಾಮಕ ಇಲಾಖೆ ಮೂವರ ಜೊತೆಗೂ ಮೊದಲೇ ಬರವಣಿಗೆಯಲ್ಲಿ ತೀರ್ಮಾನ ಮಾಡಿಕೊಳ್ಳಿ. ಒಂದು ಸಂಹಿತೆಯಿಂದ ಡೆನ್ಸಿಟಿ, ಇನ್ನೊಂದರಿಂದ ವಿಸ್ತೀರ್ಣ ತೆಗೆದುಕೊಂಡು ಕೂಡಿಸಿದ ಲೆಕ್ಕಗಳು ಸುಮಾರು ಓಡಾಡುತ್ತಿವೆ. ಅವು ಯಾವ ಸಂಹಿತೆಗೂ ಹೊಂದುವುದಿಲ್ಲ.

ಕೂರುವ ಮುಂಚೆ ಇವು ಕೈಯಲ್ಲಿರಲಿ: ರೂಮಿನ ಪ್ಲಾನ್ ಮತ್ತು ಸೀಲಿಂಗ್ ಎತ್ತರ, ರ್‍ಯಾಕ್‌ಗಳ ಜೋಡಣೆ, ಪಂಪ್ ರೂಮಿನಿಂದ ರೂಮಿನವರೆಗಿನ ಪೈಪ್ ದಾರಿ, ಇರುವ ಪಂಪಿನ ಕರ್ವ್ (ಯಾವ ಹರಿವಿಗೆ ಎಷ್ಟು ಒತ್ತಡ ಅಂತ ತೋರಿಸುವ ಗ್ರಾಫ್), ಸಂಪಿನ ಅಳತೆ, ಹಾಕಲಿರುವ ಪ್ರೀಆಕ್ಷನ್ ವಾಲ್ವ್‌ನ ಡೇಟಾ ಶೀಟ್. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಹಂತ 1: ಯಾವ ಇಂಟರ್‌ಲಾಕ್?

ಪ್ರೀಆಕ್ಷನ್ ಅಂದರೆ ಪೈಪು ಖಾಲಿ, ವಾಲ್ವ್‌ನ ಕೆಳಗೆ ನೀರು ಕಾಯುತ್ತಿರುತ್ತದೆ. ಹೊಗೆ ಅಥವಾ ಶಾಖದ ಡಿಟೆಕ್ಟರ್ ಹೇಳಿದ ಮೇಲೆ ವಾಲ್ವ್ ತೆರೆದು ನೀರು ಪೈಪಿಗೆ ಬರುತ್ತದೆ. ಇದರಲ್ಲಿ ಮೂರು ಬಗೆ.

ಸಿಂಗಲ್ ಇಂಟರ್‌ಲಾಕ್‌ನಲ್ಲಿ ಡಿಟೆಕ್ಟರ್ ಕೆಲಸ ಮಾಡಿದರೆ ಸಾಕು, ವಾಲ್ವ್ ತೆರೆಯುತ್ತದೆ. ನೀರು ಪೈಪಿನಲ್ಲಿ ತುಂಬಿ ನಿಲ್ಲುತ್ತದೆ. ಸ್ಪ್ರಿಂಕ್ಲರ್ ಹೆಡ್‌ನ ಗಾಜಿನ ಬಲ್ಬ್ ಒಡೆದರೆ ಮಾತ್ರ ಹೊರಗೆ ಬೀಳುತ್ತದೆ. ನಾನ್-ಇಂಟರ್‌ಲಾಕ್‌ನಲ್ಲಿ ಡಿಟೆಕ್ಟರ್ ಆದರೂ ಸರಿ, ಹೆಡ್ ಒಡೆದರೂ ಸರಿ, ವಾಲ್ವ್ ತೆರೆಯುತ್ತದೆ. ಡಬಲ್ ಇಂಟರ್‌ಲಾಕ್‌ನಲ್ಲಿ ಎರಡೂ ಆಗಬೇಕು: ಡಿಟೆಕ್ಟರೂ ಹೇಳಬೇಕು, ಹೆಡ್ ಒಡೆದು ಪೈಪಿನ ಗಾಳಿಯ ಒತ್ತಡವೂ ಇಳಿಯಬೇಕು.

"ಎರಡು ಬೀಗ ಇದ್ದರೆ ಜಾಸ್ತಿ ಸುರಕ್ಷಿತ" ಅಂತ ಟೆಂಡರ್‌ನಲ್ಲಿ ಸುಮ್ನೆ ಡಬಲ್ ಇಂಟರ್‌ಲಾಕ್ ಬರೆದುಬಿಡುತ್ತಾರೆ. ನನ್ನ ಜಗಳ ಇಲ್ಲಿಂದಲೇ ಶುರು. ಡಬಲ್ ಇಂಟರ್‌ಲಾಕ್ ಮುಖ್ಯವಾಗಿ ಬೇಕಾಗುವುದು ಶೀತಲ ಗೋದಾಮುಗಳಿಗೆ. ಐಸ್‌ಕ್ರೀಮ್ ಇಡುವ ಫ್ರೀಜರ್‌ನಲ್ಲಿ ಡಿಟೆಕ್ಟರ್ ಸುಳ್ಳು ಹೇಳಿ ನೀರು ಪೈಪಿಗೆ ನುಗ್ಗಿದರೆ ಅಲ್ಲೇ ಹೆಪ್ಪುಗಟ್ಟುತ್ತದೆ, ಪೈಪು ಬಿಚ್ಚಿ ತೆಗೆಯಬೇಕಾಗುತ್ತದೆ. ಬೆಂಗಳೂರಿನ ಸರ್ವರ್ ರೂಮಿನಲ್ಲಿ ಆ ತೊಂದರೆ ಇಲ್ಲ. ಅಲ್ಲಿ ಭಯ ಇರುವುದು ಏಣಿ ತಾಗಿ ಹೆಡ್ ಒಡೆದರೆ ನೀರು ಬೀಳಬಾರದು ಅನ್ನುವುದು. ಅದಕ್ಕೆ ಸಿಂಗಲ್ ಇಂಟರ್‌ಲಾಕ್ ಸಾಕು. ಡಿಟೆಕ್ಟರ್ ಸುಳ್ಳು ಹೇಳಿದರೂ ನೀರು ಪೈಪಿನೊಳಗೇ ಇರುತ್ತದೆ.

ಎಚ್ಚರ: ಸಿಂಗಲ್ ಇಂಟರ್‌ಲಾಕ್‌ನಲ್ಲಿ ಡಿಟೆಕ್ಷನ್ ಸತ್ತರೆ ನೀರೂ ಇಲ್ಲ. ಹೆಡ್ ಒಡೆದರೂ ವಾಲ್ವ್ ತಾನಾಗಿ ತೆರೆಯುವುದಿಲ್ಲ. ಆದ್ದರಿಂದ ಪ್ಯಾನೆಲ್‌ನ ಬ್ಯಾಟರಿ, ವೈರಿಂಗ್ ಮೇಲ್ವಿಚಾರಣೆ, ವಾಲ್ವ್ ಪಕ್ಕದ ಕೈ ಬಿಡುಗಡೆ, ಇವು ಹೆಚ್ಚುವರಿ ವಸ್ತುಗಳಲ್ಲ. ಇವಿಲ್ಲದೆ ನಿಮ್ಮ ಲೆಕ್ಕಕ್ಕೆ ಅರ್ಥವೇ ಇಲ್ಲ.

ಹಂತ 2: ಡೆನ್ಸಿಟಿ ಮತ್ತು ವಿಸ್ತೀರ್ಣ

ಡೆನ್ಸಿಟಿ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ನೀರು ಬೀಳಬೇಕು ಅನ್ನುವುದು. ಇದನ್ನು ನಿಮಿಷಕ್ಕೆ ಇಷ್ಟು ಮಿಲಿಮೀಟರ್ ಅಂತಲೂ ಹೇಳುತ್ತಾರೆ, ಎರಡೂ ಒಂದೇ. ವಿನ್ಯಾಸ ವಿಸ್ತೀರ್ಣ ಅಂದರೆ ಬೆಂಕಿ ಬಿದ್ದಾಗ ಎಷ್ಟು ಜಾಗದ ಹೆಡ್‌ಗಳು ಒಟ್ಟಿಗೆ ತೆರೆಯುತ್ತವೆ ಅಂತ ನಾವು ಇಟ್ಟುಕೊಳ್ಳುವ ಅಂದಾಜು.

ಎನ್‌ಎಫ್‌ಪಿಎ 13ರಲ್ಲಿ ಹೆಚ್ಚು ಬಳಕೆಯಲ್ಲಿರುವ ಜೋಡಿಗಳು ಇವು. ಲೈಟ್ ಹಜಾರ್ಡ್ (ಬೆಂಕಿಯ ಅಪಾಯ ಕಡಿಮೆ ಇರುವ ಜಾಗ): 139 ಚದರ ಮೀಟರ್‌ಗೆ 4.1 ಮಿಮೀ. ಆರ್ಡಿನರಿ ಹಜಾರ್ಡ್ (ಮಧ್ಯಮ ಅಪಾಯ) ಗುಂಪು 1: ಅಷ್ಟೇ ವಿಸ್ತೀರ್ಣಕ್ಕೆ 6.1 ಮಿಮೀ. ಗುಂಪು 2: ಅಷ್ಟಕ್ಕೇ 8.1 ಮಿಮೀ. ಡೇಟಾ ಪ್ರೊಸೆಸಿಂಗ್ ಇರುವ ಕಚೇರಿಯನ್ನು ಲೈಟ್ ಹಜಾರ್ಡ್ ಪಟ್ಟಿಗೆ ಸೇರಿಸಿದ್ದಾರೆ ನಿಜ. ಆದರೆ ರ್‍ಯಾಕ್ ತುಂಬಿದ ರೂಮು, ಮೇಲೆ ಕೇಬಲ್ ಟ್ರೇಗಳ ಕಾಡು ಇದ್ದರೆ ನಾನು ಗುಂಪು 1ಕ್ಕಿಂತ ಕೆಳಗೆ ಹೋಗುವುದಿಲ್ಲ. ವಿಮೆ ಕಂಪನಿಯವರು ಕೆಲವೊಮ್ಮೆ ಗುಂಪು 2 ಕೇಳುತ್ತಾರೆ. ಮೊದಲೇ ಕೇಳಿ.

ಇನ್ನು ಇಂಟರ್‌ಲಾಕ್ ನೀರಿನ ಲೆಕ್ಕಕ್ಕೆ ಕೈ ಹಾಕುವ ಜಾಗ. ಸಿಂಗಲ್ ಮತ್ತು ನಾನ್-ಇಂಟರ್‌ಲಾಕ್‌ಗೆ ವೆಟ್ ಸಿಸ್ಟಮ್‌ನ ವಿಸ್ತೀರ್ಣವೇ ಸಾಕು. ಡಬಲ್ ಇಂಟರ್‌ಲಾಕ್‌ಗೆ ಡೆನ್ಸಿಟಿ ಹಾಗೇ ಇಟ್ಟು ವಿಸ್ತೀರ್ಣವನ್ನು ಶೇ 30 ಹೆಚ್ಚಿಸಬೇಕು. ಕಾರಣ ಸರಳ. ಹೆಡ್ ಒಡೆದ ಮೇಲೆ ಗಾಳಿ ಹೊರಗೆ ಹೋಗಿ ನೀರು ಬರುವುದು ತಡ. ಅಷ್ಟರಲ್ಲಿ ಬೆಂಕಿ ಹರಡಿ ಇನ್ನಷ್ಟು ಹೆಡ್‌ಗಳು ತೆರೆದಿರುತ್ತವೆ. 139 ಚದರ ಮೀಟರ್ 181 ಆಗುತ್ತದೆ.

ಇಲ್ಲೇ ಎಲ್ಲರೂ ಎಡವುವ ಇನ್ನೊಂದು ಕಲ್ಲಿದೆ. ವೆಟ್ ಸಿಸ್ಟಮ್‌ನಲ್ಲಿ ಕ್ವಿಕ್ ರೆಸ್ಪಾನ್ಸ್ ಹೆಡ್, ಅಂದರೆ ಶಾಖಕ್ಕೆ ಬೇಗ ಒಡೆಯುವ ಹೆಡ್, ಹಾಕಿ, ಸೀಲಿಂಗ್ ಎತ್ತರ ಕಡಿಮೆ ಇದ್ದರೆ ವಿಸ್ತೀರ್ಣ ಕಡಿಮೆ ಮಾಡಿಕೊಳ್ಳುವ ರಿಯಾಯಿತಿ ಇದೆ. ಅದು ವೆಟ್‌ಗೆ ಮಾತ್ರ. ಪ್ರೀಆಕ್ಷನ್‌ಗೆ, ಸಿಂಗಲ್ ಆದರೂ, ಆ ರಿಯಾಯಿತಿ ಇಲ್ಲ. ಹಳೇ ವೆಟ್ ಫೈಲನ್ನು ನಕಲು ಮಾಡಿದಾಗ ಈ ರಿಯಾಯಿತಿ ಸದ್ದಿಲ್ಲದೆ ಜೊತೆಗೇ ಬಂದುಬಿಡುತ್ತದೆ. ಸಾಫ್ಟ್‌ವೇರ್ ಕೆಂಪು ಬಣ್ಣ ತೋರಿಸುವುದಿಲ್ಲ. ನೀವೇ ಹುಡುಕಿ ತೆಗೆಯಬೇಕು.

ಹಂತ 3: ಹೆಡ್‌ಗಳ ಜೋಡಣೆ

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. 18 ಮೀಟರ್ ಉದ್ದ, 12 ಮೀಟರ್ ಅಗಲದ ಸರ್ವರ್ ರೂಮು, ನಾಲ್ಕನೇ ಮಹಡಿ. ಆರ್ಡಿನರಿ ಹಜಾರ್ಡ್‌ನಲ್ಲಿ ಒಂದು ಸಾಮಾನ್ಯ ಹೆಡ್ ಹೆಚ್ಚೆಂದರೆ 12.1 ಚದರ ಮೀಟರ್ ಕಾಯಬಹುದು, ಹೆಡ್‌ನಿಂದ ಹೆಡ್‌ಗೆ 4.6 ಮೀಟರ್ ದಾಟಬಾರದು. ಉದ್ದಕ್ಕೆ ಮೂರು ಬ್ರಾಂಚ್ ಲೈನ್, ಅಂದರೆ ಹೆಡ್‌ಗಳು ನೇತಾಡುವ ಕೊನೆಯ ಪೈಪುಗಳು, 4 ಮೀಟರ್ ಅಂತರದಲ್ಲಿ ಓಡಲಿ. ಒಂದೊಂದರಲ್ಲೂ 3 ಮೀಟರ್‌ಗೊಂದರಂತೆ ಆರು ಹೆಡ್. ಒಟ್ಟು 18 ಹೆಡ್, ಒಂದೊಂದಕ್ಕೆ 12 ಚದರ ಮೀಟರ್. ಮೂರೂ ಬ್ರಾಂಚ್‌ಗಳು ಒಂದು ತುದಿಯ ಕ್ರಾಸ್ ಮೇನ್‌ಗೆ, ಅಂದರೆ ಬ್ರಾಂಚ್‌ಗಳಿಗೆ ನೀರು ಕೊಡುವ ದೊಡ್ಡ ಪೈಪಿಗೆ, ಸೇರಲಿ.

ಹಾಟ್ ಐಲ್, ಅಂದರೆ ರ್‍ಯಾಕ್‌ಗಳ ಬಿಸಿಗಾಳಿ ಬಿಡುವ ಓಣಿ, ಇದ್ದರೆ ಅಲ್ಲಿ ಹೆಡ್‌ನ ತಾಪಮಾನ ನೋಡಿ. ಕೆಂಪು ಬಲ್ಬ್‌ನ 68 ಡಿಗ್ರಿ ಹೆಡ್ ಇರುವುದು ಸೀಲಿಂಗ್ ತಾಪ 38 ಡಿಗ್ರಿ ದಾಟದ ಜಾಗಕ್ಕೆ. ಬಿಸಿ ಓಣಿ 38 ದಾಟುವುದು ಏನೂ ವಿಶೇಷ ಅಲ್ಲ. ಅಲ್ಲಿ ಹಸಿರು ಬಲ್ಬ್‌ನ 93 ಡಿಗ್ರಿ ಹೆಡ್ ಹಾಕಿ. ಓಣಿಗೆ ಗಾಜಿನ ಅಥವಾ ಪ್ಲಾಸ್ಟಿಕ್ ಮುಚ್ಚಿಗೆ ಹಾಕಿದ್ದರೆ ಸೀಲಿಂಗ್‌ನ ಹೆಡ್‌ನಿಂದ ನೀರು ಒಳಗೆ ಬೀಳುವುದಿಲ್ಲ. ಮುಚ್ಚಿಗೆಯೊಳಗೆ ಬೇರೆ ಹೆಡ್ ಬೇಕಾಗುತ್ತದೆ, ಆಗ ಹೆಡ್‌ಗಳ ಎಣಿಕೆಯೂ ಲೆಕ್ಕವೂ ಬದಲಾಗುತ್ತದೆ. ಐಟಿಯವರು ಮುಚ್ಚಿಗೆಯನ್ನು ನಿಮ್ಮ ಡ್ರಾಯಿಂಗ್ ಒಪ್ಪಿಗೆ ಆದ ಮೇಲೆ ತರುತ್ತಾರೆ. ಅದಕ್ಕೆ ಮೊದಲ ದಿನವೇ ಕೇಳಿಬಿಡಿ.

ಹೆಡ್ ಮೇಲ್ಮುಖವಾಗಿದ್ದರೆ ಒಳ್ಳೆಯದು, ನೀರು ನಿಲ್ಲುವುದಿಲ್ಲ. ಕೆಳಮುಖದ ಹೆಡ್ ಬೇಕೇ ಬೇಕು ಅಂದರೆ ರಿಟರ್ನ್ ಬೆಂಡ್, ಅಂದರೆ ಪೈಪಿನ ಮೇಲ್ಭಾಗದಿಂದ ಹೊರಟು ಬಾಗಿ ಕೆಳಗಿಳಿಯುವ ಜೋಡಣೆ, ಹಾಕಬೇಕು. ಪೈಪಿನ ತಳದ ಕಸ ಹೆಡ್‌ಗೆ ಇಳಿಯಬಾರದು ಅಂತ. ಈ ರಿಯಾಯಿತಿ 4 ಡಿಗ್ರಿಗಿಂತ ತಣ್ಣಗಾಗದ ಜಾಗಕ್ಕೆ ಮಾತ್ರ. ನಮ್ಮೂರಲ್ಲಿ ಫ್ರೀಜರ್ ಬಿಟ್ಟರೆ ಎಲ್ಲ ಕಡೆ ನಡೆಯುತ್ತದೆ.

ಗ್ರಿಡ್, ಅಂದರೆ ಬ್ರಾಂಚ್‌ಗಳ ಎರಡೂ ತುದಿಗೆ ಮೇನ್ ಜೋಡಿಸಿ ನೀರು ಎರಡೂ ಕಡೆಯಿಂದ ಬರುವಂತೆ ಮಾಡುವುದು, ಡಬಲ್ ಇಂಟರ್‌ಲಾಕ್‌ನಲ್ಲಿ ನಿಷಿದ್ಧ. ಗಾಳಿ ಅಲ್ಲಲ್ಲೇ ಸಿಕ್ಕಿಕೊಂಡು ನೀರು ತಡವಾಗುತ್ತದೆ. ವೆಟ್ ಗ್ರಿಡ್ ಇದ್ದ ಹಳೇ ಮಹಡಿಯನ್ನು ಡಬಲ್ ಇಂಟರ್‌ಲಾಕ್ ಮಾಡಲು ಹೊರಟವರು ಪೈಪನ್ನೇ ಹೊಸದಾಗಿ ಎಳೆಯಬೇಕಾಗುತ್ತದೆ. ಒಂದು ವಾಲ್ವ್‌ನ ಮೇಲೆ 1,000 ಹೆಡ್ ದಾಟುವಂತಿಲ್ಲ ಅನ್ನುವುದೂ ನೆನಪಿರಲಿ.

ಹಂತ 4: ಸಿ ಬೆಲೆ ಮತ್ತು ಪೈಪಿನ ಒಳ ವ್ಯಾಸ

ನೀರು ಪೈಪಿನಲ್ಲಿ ಓಡುವಾಗ ಉಜ್ಜಿ ಕಳೆದುಕೊಳ್ಳುವ ಒತ್ತಡವನ್ನು ಹೇಜನ್–ವಿಲಿಯಮ್ಸ್ ಸೂತ್ರದಿಂದ ಲೆಕ್ಕ ಹಾಕುತ್ತೇವೆ. ಅದರಲ್ಲಿ ಬರುವ ಸಿ ಬೆಲೆ ಪೈಪಿನ ಒಳಮೈ ಎಷ್ಟು ನುಣುಪು ಅಂತ ಹೇಳುತ್ತದೆ. ಬೆಲೆ ಕಡಿಮೆಯಾದಷ್ಟೂ ಒರಟು.

ವೆಟ್ ಸಿಸ್ಟಮ್‌ನ ಕಪ್ಪು ಉಕ್ಕಿನ ಪೈಪಿಗೆ 120. ಪ್ರೀಆಕ್ಷನ್‌ನಲ್ಲಿ ಅದೇ ಪೈಪಿಗೆ 100. ಒಳಗೆ ಒತ್ತಿದ ಗಾಳಿ, ಪರೀಕ್ಷೆಯ ನಂತರ ಉಳಿದ ಒಂದಿಷ್ಟು ನೀರು, ಆಮ್ಲಜನಕ ಎಲ್ಲ ಸೇರಿ ತುಕ್ಕು ಬೇಗ ಹಿಡಿಯುತ್ತದೆ. "ಜಿಐ ಪೈಪು ಹಾಕಿದರೆ 120 ತಾನೇ?" ಅಂತ ಕೇಳುವವರಿದ್ದಾರೆ. ಹಳೇ ಆವೃತ್ತಿಗಳಲ್ಲಿ ಹಾಗಿತ್ತು. ಈಗಿನ ಆವೃತ್ತಿಗಳಲ್ಲಿ ಪ್ರೀಆಕ್ಷನ್‌ನ ಸತು ಲೇಪಿತ ಪೈಪಿಗೂ 100 ಮಾತ್ರ. ಗಾಳಿಯ ಬದಲು ಮಾನ್ಯತೆ ಪಡೆದ ನೈಟ್ರೋಜನ್ ವ್ಯವಸ್ಥೆ ಹಾಕಿದರೆ 120 ಬಳಸಲು ಹೊಸ ಆವೃತ್ತಿಗಳು ಬಿಡುತ್ತವೆ. ಸಂಪಿಗೆ ಬೋರ್‌ವೆಲ್‌ನ ಗಡಸು ನೀರು ಬರುವ ಬೆಂಗಳೂರಿನ ಕಟ್ಟಡಗಳಲ್ಲಿ ನೈಟ್ರೋಜನ್‌ಗೆ ಕೊಟ್ಟ ದುಡ್ಡು ಪೈಪಿನ ಆಯಸ್ಸಿನಲ್ಲಿ ವಾಪಸ್ ಬರುತ್ತದೆ ಅಂತ ನನ್ನ ಅಭಿಪ್ರಾಯ.

120ರಿಂದ 100ಕ್ಕೆ ಇಳಿದರೆ ಏನಾಗುತ್ತದೆ? ಸೂತ್ರದಲ್ಲಿ ಸಿ ಬೆಲೆಗೆ 1.85 ಘಾತ ಇರುವುದರಿಂದ ಅದೇ ಪೈಪು, ಅದೇ ಹರಿವಿಗೆ ಒತ್ತಡ ನಷ್ಟ ಶೇ 40 ಜಾಸ್ತಿ. "ವಾಲ್ವ್ ಒಂದನ್ನು ಬದಲಾಯಿಸಿದರೆ ಸಾಕಲ್ವಾ" ಅನ್ನುವವರಿಗೆ ನಾನು ಮೊದಲು ತೋರಿಸುವ ಅಂಕಿ ಇದು.

ಇದರಲ್ಲಿ ಎರಡು ಸೂಕ್ಷ್ಮ ಇವೆ. ಒಂದು, ಪಂಪಿನಿಂದ ಪ್ರೀಆಕ್ಷನ್ ವಾಲ್ವ್‌ವರೆಗಿನ ಪೈಪಿನಲ್ಲಿ ಯಾವಾಗಲೂ ನೀರಿರುತ್ತದೆ. ಆ ಭಾಗಕ್ಕೆ 120, ವಾಲ್ವ್ ದಾಟಿದ ಮೇಲೆ 100. ಇಡೀ ದಾರಿಗೆ 100 ಹಾಕಿದರೆ ಸುಮ್ನೆ ದೊಡ್ಡ ಪಂಪು, ಇಡೀ ದಾರಿಗೆ 120 ಹಾಕಿದರೆ ತಪ್ಪು ಲೆಕ್ಕ. ಎರಡು, ಎಲ್ಬೋ, ಟೀ ಇವುಗಳ ನಷ್ಟವನ್ನು ಸಮಾನ ಉದ್ದವಾಗಿ, ಅಂದರೆ ಇಷ್ಟು ಮೀಟರ್ ನೇರ ಪೈಪಿಗೆ ಸಮ ಅಂತ, ಕೋಷ್ಟಕದಿಂದ ತೆಗೆದುಕೊಳ್ಳುತ್ತೇವಲ್ಲ, ಆ ಕೋಷ್ಟಕ ಸಿ 120ಕ್ಕೆ ಮಾಡಿದ್ದು. ಸಿ 100 ಆದಾಗ ಅದನ್ನು 0.713ರಿಂದ ಗುಣಿಸಬೇಕು. ಕೈಯಲ್ಲಿ ಲೆಕ್ಕ ಮಾಡುವವರು ಗುಣಿಸುವುದನ್ನು ಮರೆಯುತ್ತಾರೆ. ಸಾಫ್ಟ್‌ವೇರ್ ಬಳಸುವವರು ಅದು ತಾನೇ ಗುಣಿಸಿದ್ದನ್ನು ತಿಳಿಯದೆ ಇನ್ನೊಮ್ಮೆ ಗುಣಿಸುತ್ತಾರೆ.

ಒಳ ವ್ಯಾಸದ ವಿಷಯ. ವಿದೇಶಿ ಸಾಫ್ಟ್‌ವೇರ್ ತೆರೆದ ಕೂಡಲೇ ಶೆಡ್ಯೂಲ್ 40, ಅಂದರೆ ಅಮೆರಿಕನ್ ಅಳತೆಯ, ಪೈಪು ಎದುರಿಗೆ ಬರುತ್ತದೆ. ಅದರ 25 ಮಿಮೀ ಪೈಪಿನ ಒಳ ವ್ಯಾಸ 26.6 ಮಿಮೀ. ಸೈಟಿಗೆ ಬರುವುದು ಐಎಸ್ 1239ರ ಹೆವಿ ಕ್ಲಾಸ್, ಅಂದರೆ ನಮ್ಮವರು ಸಿ ಕ್ಲಾಸ್ ಅನ್ನುವುದು. ಅದರ ಗೋಡೆ ದಪ್ಪ, ಒಳ ವ್ಯಾಸ 25.7ರ ಆಸುಪಾಸು. ಒಂದು ಮಿಲಿಮೀಟರ್‌ಗೂ ಕಡಿಮೆ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ವ್ಯಾಸಕ್ಕೆ 4.87 ಘಾತ ಇದೆ. ನಷ್ಟ ಶೇ 18 ಏರುತ್ತದೆ. ಪೈಪಿನ ಲೈಬ್ರರಿಯನ್ನು ಮೊದಲು ಸರಿ ಮಾಡಿ, ಆಮೇಲೆ ಗೆರೆ ಎಳೆಯಿರಿ.

ಹಂತ 5: ದೂರದ ಹೆಡ್‌ನಿಂದ ಹಿಂದಕ್ಕೆ

ಲೆಕ್ಕ ಯಾವಾಗಲೂ ನೀರಿಗೆ ಅತಿ ಕಷ್ಟದ ಹೆಡ್‌ನಿಂದ ಶುರುವಾಗಿ ಪಂಪಿನ ಕಡೆ ಬರುತ್ತದೆ. ಸಾಮಾನ್ಯವಾಗಿ ಅದು ದೂರದ ಮೂಲೆಯ ಹೆಡ್. ನಮ್ಮ ರೂಮಿಗೆ ಗುಂಪು 1, ಸಿಂಗಲ್ ಇಂಟರ್‌ಲಾಕ್ ಇಟ್ಟುಕೊಳ್ಳೋಣ. ಸುಲಭಕ್ಕೆ ಶೆಡ್ಯೂಲ್ 40 ಪೈಪು, ಸಿ 100.

ಎಷ್ಟು ಹೆಡ್ ಹರಿಯುತ್ತವೆ? 139ನ್ನು 12ರಿಂದ ಭಾಗಿಸಿದರೆ 11.6, ಅಂದರೆ 12 ಹೆಡ್. ಇವುಗಳ ಆಕಾರ ಬ್ರಾಂಚ್‌ನ ದಿಕ್ಕಿನಲ್ಲಿ ಉದ್ದವಾಗಿರಬೇಕು: ವಿಸ್ತೀರ್ಣದ ವರ್ಗಮೂಲದ 1.2 ಪಟ್ಟು. 139ರ ವರ್ಗಮೂಲ 11.8, ಅದರ 1.2 ಪಟ್ಟು 14.2 ಮೀಟರ್. 3 ಮೀಟರ್ ಅಂತರಕ್ಕೆ 4.7, ಅಂದರೆ ಒಂದು ಬ್ರಾಂಚ್‌ನಲ್ಲಿ 5 ಹೆಡ್. ಹಾಗಾಗಿ 5, 5, ಉಳಿದ 2. ಆ ಎರಡು ಹೆಡ್‌ಗಳನ್ನು ಮೂರನೇ ಬ್ರಾಂಚ್‌ನಲ್ಲಿ ಕ್ರಾಸ್ ಮೇನ್‌ಗೆ ಹತ್ತಿರದ ಕಡೆ ಇಡಿ. ಅಲ್ಲಿ ಒತ್ತಡ ಜಾಸ್ತಿ, ಹರಿವೂ ಜಾಸ್ತಿ.

ಮೊದಲ ಹೆಡ್: 12 ಚದರ ಮೀಟರ್‌ಗೆ 6.1ರಂತೆ ನಿಮಿಷಕ್ಕೆ 73.2 ಲೀಟರ್ ಬೇಕು. ಕೆ-ಫ್ಯಾಕ್ಟರ್ ಅಂದರೆ ಹೆಡ್‌ನ ತೂತಿನ ಗಾತ್ರ ಹೇಳುವ ಸಂಖ್ಯೆ. ಹರಿವು ಅಂದರೆ ಕೆ ಗುಣಿಸು ಒತ್ತಡದ ವರ್ಗಮೂಲ. ಕೆ 80 ಹೆಡ್‌ಗೆ ಬೇಕಾದ ಒತ್ತಡ 0.84 ಬಾರ್. ಕನಿಷ್ಠ 0.5 ಬಾರ್ ಇರಲೇಬೇಕು ಅನ್ನುವ ನಿಯಮಕ್ಕೆ ಇದು ಸಾಕು.

ಮೊದಲ ಮತ್ತು ಎರಡನೇ ಹೆಡ್ ನಡುವೆ 3 ಮೀಟರ್, 25 ಮಿಮೀ ಪೈಪು. ನಷ್ಟ ಮೀಟರ್‌ಗೆ 0.039 ಬಾರ್, ಒಟ್ಟು 0.117. ಎರಡನೇ ಹೆಡ್‌ನಲ್ಲಿ ಒತ್ತಡ 0.954 ಬಾರ್. ಅದರಿಂದ 78.1 ಲೀಟರ್ ಬರುತ್ತದೆ. ಎರಡನೇ ಹೆಡ್‌ಗೂ 73.2 ಅಂತ ಬರೆಯಬೇಡಿ! ಒತ್ತಡ ಹೆಚ್ಚಿರುವ ಕಡೆ ನೀರು ಹೆಚ್ಚು ಬಂದೇ ಬರುತ್ತದೆ, ಅದಕ್ಕೆ ನಿಮ್ಮ ಡೆನ್ಸಿಟಿ ಎಷ್ಟು ಅಂತ ಗೊತ್ತಿಲ್ಲ. ಈಗ ಒಟ್ಟು ಹರಿವು 151. ಇದನ್ನು ಮತ್ತೆ 25 ಮಿಮೀ ಪೈಪಿನಲ್ಲಿ ಓಡಿಸಿದರೆ 3 ಮೀಟರ್‌ಗೆ 0.45 ಬಾರ್ ಹೋಗುತ್ತದೆ. 32 ಮಿಮೀ ಮಾಡಿದರೆ 0.117ಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಎರಡು ತುಂಡು 40 ಮಿಮೀ, ಕೊನೆಯದು 50 ಮಿಮೀ ಅಂತ ಮುಂದುವರಿಸಿ.

ಐದು ಹೆಡ್ ಮುಗಿಸಿ, ಟೀ ನಷ್ಟವನ್ನೂ ಸೇರಿಸಿ 80 ಮಿಮೀ ಕ್ರಾಸ್ ಮೇನ್‌ಗೆ ಬಂದಾಗ ನನಗೆ ಸಿಕ್ಕಿದ್ದು ಸುಮಾರು 417 ಲೀಟರ್, 1.65 ಬಾರ್. ಎರಡನೇ ಬ್ರಾಂಚ್ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಮೂರೂ ಸೇರಿ ಒಟ್ಟು ಸುಮಾರು 1,045 ಲೀಟರ್, ಒತ್ತಡ 1.75 ಬಾರ್. 12 ಹೆಡ್‌ಗೆ 73.2ರಂತೆ ಬರೀ ಗುಣಾಕಾರ ಮಾಡಿದ್ದರೆ 878 ಬರುತ್ತಿತ್ತು. ಈ ಶೇ 19ರ ವ್ಯತ್ಯಾಸವೇ ಹೈಡ್ರಾಲಿಕ್ ಲೆಕ್ಕ ಮಾಡುವುದರ ಕಾರಣ.

ಈಗ ಅದೇ ರೂಮಿಗೆ ಡಬಲ್ ಇಂಟರ್‌ಲಾಕ್ ಹಾಕಿ ನೋಡೋಣ. 181 ಚದರ ಮೀಟರ್, 16 ಹೆಡ್. ರೂಮಿನಲ್ಲಿರುವುದೇ 18! ಬ್ರಾಂಚ್‌ಗೆ 6, 6, 4. ಅದೇ ಪೈಪುಗಳಲ್ಲಿ ಹರಿವು ಸುಮಾರು 1,445 ಲೀಟರ್‌ಗೆ ಏರುತ್ತದೆ, ಒತ್ತಡ 1.86 ಬಾರ್. ನಿಮಿಷಕ್ಕೆ 400 ಲೀಟರ್ ಹೆಚ್ಚು. ಒಂದು ಗಂಟೆಗೆ 24,000 ಲೀಟರ್, ಅಂದರೆ ಬೇಸಿಗೆಯಲ್ಲಿ ನಿಮ್ಮ ರಸ್ತೆಗೆ ಬರುವ 12,000 ಲೀಟರ್ ಟ್ಯಾಂಕರ್ ಎರಡು. ಟೆಂಡರ್‌ನಲ್ಲಿ ಬರೆದ "ಡಬಲ್" ಅನ್ನುವ ಒಂದು ಪದದ ಬೆಲೆ ಇದು. ವಿಸ್ತೀರ್ಣ ಶೇ 30 ಏರಿದರೆ ಹರಿವು ಶೇ 30 ಏರುತ್ತದೆ ಅಂತ ಅಂದುಕೊಂಡಿದ್ದರೆ ನೋಡಿ, ಇಲ್ಲಿ ಏರಿದ್ದು ಶೇ 38.

ಹಂತ 6: ವಾಲ್ವ್, ಎತ್ತರ, ಪಂಪು, ಸಂಪು

ಪ್ರೀಆಕ್ಷನ್ ವಾಲ್ವ್‌ನ ನಷ್ಟವನ್ನು ಅದರ ಡೇಟಾ ಶೀಟ್‌ನಿಂದಲೇ ತೆಗೆದುಕೊಳ್ಳಿ. ಕೆಲವರು ಸಮಾನ ಉದ್ದ ಕೊಡುತ್ತಾರೆ, ಕೆಲವರು ಗ್ರಾಫ್ ಕೊಡುತ್ತಾರೆ. ಮೇಲೆ ಚೆಕ್ ವಾಲ್ವ್ (ಹರಿವನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಬೇರೆ ಇದ್ದರೆ ಅದರ ನಷ್ಟ ಸೇರಿದೆಯಾ ಅಂತ ನೋಡಿ. ವೆಟ್ ಅಲಾರ್ಮ್ ವಾಲ್ವ್‌ನ ಅಂಕಿಯನ್ನು ಇಲ್ಲಿ ಹಾಕಬೇಡಿ.

ಎತ್ತರಕ್ಕೆ ಮೀಟರ್‌ಗೆ 0.098 ಬಾರ್. ಪಂಪು ಬೇಸ್‌ಮೆಂಟಿನಲ್ಲಿದ್ದು ಹೆಡ್ 22 ಮೀಟರ್ ಮೇಲಿದ್ದರೆ 2.16 ಬಾರ್. 100 ಮಿಮೀ ರೈಸರ್ (ಮಹಡಿಗಳಿಗೆ ಏರುವ ನಿಂತ ಪೈಪು) ಮತ್ತು ಮೇನ್ 70 ಮೀಟರ್ ಅಂದರೆ, ಸಿ 120ರಲ್ಲಿ, 0.38 ಬಾರ್. ವಾಲ್ವ್‌ಗೆ 0.3 ಅಂತ ಇಟ್ಟರೆ, 1.75 ಸೇರಿ 4.6 ಬಾರ್, ಮೇನ್‌ನ ಫಿಟ್ಟಿಂಗ್ ಬಿಟ್ಟು. ನಮ್ಮ ಕಂಟ್ರಾಕ್ಟರ್‌ಗಳು ಒತ್ತಡವನ್ನು ಕೆಜಿಯಲ್ಲಿ, ಅಂದರೆ ಚದರ ಸೆಂಟಿಮೀಟರ್‌ಗೆ ಇಷ್ಟು ಕೆಜಿ ಅಂತ, ಹೇಳುತ್ತಾರೆ. ಒಂದು ಕೆಜಿ ಅಂದರೆ 0.98 ಬಾರ್. ಸೈಟಿನಲ್ಲಿ ಒಂದೇ ಅಂತ ನಡೆಸಬಹುದು, ಫೈಲಿನಲ್ಲಿ ಬೇಡ.

ಈ 1,045 ಲೀಟರ್, 4.6 ಬಾರ್ ಬಿಂದುವನ್ನು ಪಂಪಿನ ಕರ್ವ್ ಮೇಲೆ ಗುರುತಿಸಿ, ಕರ್ವ್‌ನ ಕೆಳಗೆ ಬಂದರೆ ಸರಿ. ಬೆಂಗಳೂರಿನ ಹೆಚ್ಚಿನ ಕಟ್ಟಡಗಳಲ್ಲಿ ಹೈಡ್ರೆಂಟ್‌ಗಾಗಿ 2,280 ಅಥವಾ 2,850 ಲೀಟರ್ ಪಂಪು ಆಗಲೇ ಇರುತ್ತದೆ. ಬರೀ ಬೋರ್ಡಿನ ಮೇಲಿನ ಅಂಕಿ ನೋಡಿ "ಸಾಕು ಬಿಡಿ" ಅನ್ನಬೇಡಿ. ಸ್ಪ್ರಿಂಕ್ಲರ್ ಓಡುವಾಗಲೇ ಹೊರಗಿನವರು ಹೋಸ್ ಹಿಡಿಯುತ್ತಾರೆ. ಆರ್ಡಿನರಿ ಹಜಾರ್ಡ್‌ನಲ್ಲಿ ಹೋಸ್‌ಗೆ ನಿಮಿಷಕ್ಕೆ 950 ಲೀಟರ್ ಸೇರಿಸಬೇಕು. ಒಟ್ಟು ಸುಮಾರು 2,000. 60 ನಿಮಿಷಕ್ಕೆ 1,20,000 ಲೀಟರ್, 90 ನಿಮಿಷಕ್ಕೆ 1,80,000. ಅಲಾರ್ಮ್‌ಗಳನ್ನು ಸದಾ ಜನ ಇರುವ ಕೊಠಡಿಯಿಂದ ಗಮನಿಸುತ್ತಿದ್ದರೆ ಮಾತ್ರ 60 ನಿಮಿಷದ ಲೆಕ್ಕ. ಕಟ್ಟಡ ಸಂಹಿತೆ ಕೇಳುವ ಟ್ಯಾಂಕ್ ಇದಕ್ಕಿಂತ ದೊಡ್ಡದಿದ್ದರೆ ಅದೇ ಇರಲಿ. ಕಾವೇರಿ ನೀರು ಸರದಿಯಲ್ಲಿ ಬರುವ ಊರಿದು, ಬೀದಿಯ ಪೈಪನ್ನು ನಂಬಿ ಲೆಕ್ಕ ಮಾಡುವ ಮಾತೇ ಇಲ್ಲ. ಬೆಂಕಿಯ ನೀರಿನ ಭಾಗದಿಂದ ಕೈತೋಟಕ್ಕೆ, ಶೌಚಕ್ಕೆ ಪೈಪು ಎಳೆದಿಲ್ಲ ಅನ್ನುವುದನ್ನು ಕಣ್ಣಾರೆ ನೋಡಿ.

ನಮ್ಮೂರಿನದೇ ಒಂದು ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವಾತಾವರಣದ ಒತ್ತಡ ಇಲ್ಲಿ ಸುಮಾರು 0.91 ಬಾರ್. ಅಂದರೆ ಸಂಪು ಕೆಳಗೆ, ಪಂಪು ಮೇಲೆ ಇಟ್ಟು ಹೀರುವ ಜೋಡಣೆಯಲ್ಲಿ ಚೆನ್ನೈಗಿಂತ ಒಂದು ಮೀಟರ್‌ನಷ್ಟು ಹೀರುವ ಶಕ್ತಿ ಕಡಿಮೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಡಿ, ಚರ್ಚೆ ಮುಗಿಯಿತು. ಡೀಸೆಲ್ ಎಂಜಿನ್‌ಗೂ ಎತ್ತರದ ಕಡಿತ ಇದೆ: 91 ಮೀಟರ್ ದಾಟಿದ ಮೇಲೆ ಪ್ರತಿ 305 ಮೀಟರ್‌ಗೆ ಶೇ 3. ಇಲ್ಲಿ ಅದು ಶೇ 8 ಆಗುತ್ತದೆ. ಪಂಪಿನವರು ಕೊಟ್ಟ ಕೊಟೇಶನ್‌ನಲ್ಲಿ ಈ ಕಡಿತ ಕಾಣಿಸದಿದ್ದರೆ ಕೇಳಿ.

ಹಂತ 7: ಪೈಪಿನ ಹೊಟ್ಟೆ ಮತ್ತು ನೀರು ಬರುವ ಸಮಯ

ಇದು ಡಬಲ್ ಇಂಟರ್‌ಲಾಕ್ ಹಾಕುವವರಿಗೆ. ವಾಲ್ವ್‌ನ ಮೇಲಿನ ಪೈಪುಗಳಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಕೂಡಿಸಿ. 80 ಮಿಮೀ ಪೈಪಿಗೆ ಮೀಟರ್‌ಗೆ ಸುಮಾರು 4.8 ಲೀಟರ್, 100 ಮಿಮೀಗೆ 8.2, 150 ಮಿಮೀಗೆ 18.6. ಒಟ್ಟು 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ಒಳಗಿದ್ದರೆ ಸಮಯದ ಮಿತಿ ಇಲ್ಲ. ಅದನ್ನು ದಾಟಿದರೆ ಡಿಟೆಕ್ಷನ್ ಚಾಲೂ ಮಾಡಿ, ತುದಿಯ ಟೆಸ್ಟ್ ವಾಲ್ವ್ ತೆರೆದ 60 ಸೆಕೆಂಡ್ ಒಳಗೆ ಅಲ್ಲಿ ನೀರು ಬರಬೇಕು. ನಮ್ಮ ಉದಾಹರಣೆಯ ರೂಮಿನಲ್ಲಿ 120 ಲೀಟರ್‌ನ ಆಸುಪಾಸು, ಚಿಂತೆ ಇಲ್ಲ. 150 ಮಿಮೀ ಮೇನ್ 60 ಮೀಟರ್ ಓಡುವ ಗೋದಾಮಿನಲ್ಲಿ ಆ ಒಂದು ಪೈಪೇ 1,100 ಲೀಟರ್ ದಾಟುತ್ತದೆ.

ಹಂತ 5ರಲ್ಲಿ ಒತ್ತಡ ಉಳಿಸಲು ಪೈಪು ದೊಡ್ಡದು ಮಾಡುತ್ತಾ ಹೋದಿರಲ್ಲ, ಅದು ಇಲ್ಲಿ ತಿರುಗಿ ಕಚ್ಚುತ್ತದೆ. ಪೈಪು ದೊಡ್ಡದಾದಷ್ಟೂ ತುಂಬಲು ಸಮಯ ಜಾಸ್ತಿ. ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟುಕೊಂಡು ಪೈಪಿನ ಅಳತೆ ನಿರ್ಧರಿಸಿ. ಆಗದಿದ್ದರೆ ವಾಲ್ವ್‌ಗಳನ್ನು ಎರಡು ಮಾಡಿ, ಜಾಗ ಹಂಚಿ.

ಹಂತ 8: ಗಾಳಿ ಮತ್ತು ಇಳಿಜಾರು

20ಕ್ಕಿಂತ ಹೆಚ್ಚು ಹೆಡ್ ಇದ್ದರೆ ಪೈಪು ಸೋರುತ್ತಿದೆಯಾ ಅಂತ ತಾನಾಗಿ ತಿಳಿಸುವ ವ್ಯವಸ್ಥೆ ಕಡ್ಡಾಯ. ನಮ್ಮ 18 ಹೆಡ್‌ಗೆ ಕಡ್ಡಾಯವಲ್ಲ, ಆದರೂ ಹಾಕಿ. ಗಾಳಿ ಇಲ್ಲದ ಪೈಪಿನಲ್ಲಿ ಒಂದು ಹೆಡ್ ಒಡೆದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನ್-ಇಂಟರ್‌ಲಾಕ್ ಮತ್ತು ಡಬಲ್‌ಗೆ ಕನಿಷ್ಠ 7 ಪಿಎಸ್‌ಐ, ಅಂದರೆ ಸುಮಾರು ಅರ್ಧ ಬಾರ್ ಗಾಳಿ ಇರಲೇಬೇಕು.

ಬ್ರಾಂಚ್ ಲೈನ್‌ಗೆ ಮೀಟರ್‌ಗೆ 4 ಮಿಮೀ, ಮೇನ್‌ಗೆ 2 ಮಿಮೀ ಇಳಿಜಾರು ಕೊಡಿ, ತಗ್ಗಿನ ಜಾಗದಲ್ಲಿ ಡ್ರೈನ್ ಇಡಿ. 18 ಮೀಟರ್ ಬ್ರಾಂಚ್‌ಗೆ 7 ಸೆಂಟಿಮೀಟರ್ ಇಳಿಯುತ್ತದೆ. ಫಾಲ್ಸ್ ಸೀಲಿಂಗ್, ಡಕ್ಟ್, ಕೇಬಲ್ ಟ್ರೇ ಇರುವ ಜಾಗದಲ್ಲಿ ಈ 7 ಸೆಂಟಿಮೀಟರ್‌ಗೆ ಎಸಿ ಕಂಟ್ರಾಕ್ಟರ್ ಜೊತೆ ಮಾತಾಡಿಯೇ ಪಡೆಯಬೇಕು, ಡ್ರಾಯಿಂಗ್ ಮೇಲೆ ಗೆರೆ ಎಳೆದು ಅಲ್ಲ.

ಹಂತ 9: ಪರೀಕ್ಷೆ ಮತ್ತು ಫಲಕ

ನೀರಿನ ಒತ್ತಡ ಪರೀಕ್ಷೆ 13.8 ಬಾರ್‌ನಲ್ಲಿ ಎರಡು ಗಂಟೆ. ಡಬಲ್ ಇಂಟರ್‌ಲಾಕ್‌ಗೆ ಅದರ ಮೇಲೆ 2.8 ಬಾರ್ ಗಾಳಿ ತುಂಬಿ 24 ಗಂಟೆ ಬಿಡಬೇಕು, 0.1 ಬಾರ್‌ಗಿಂತ ಹೆಚ್ಚು ಇಳಿಯಬಾರದು. ನೀರಿನ ಪರೀಕ್ಷೆ ಮುಗಿದ ದಿನವೇ ಎಲ್ಲ ತಗ್ಗಿನ ಡ್ರೈನ್‌ಗಳನ್ನು ತೆರೆದು, ಗಾಳಿ ಊದಿ ಪೈಪು ಒಣಗಿಸಿ. ಸಿ 100 ಅಂತ ನೀವು ಲೆಕ್ಕದಲ್ಲಿ ಬರೆದದ್ದು ಚೆನ್ನಾಗಿ ನೋಡಿಕೊಂಡ ಪೈಪಿಗೆ, ವರ್ಷಗಟ್ಟಲೆ ಕೆಸರು ನೀರು ನಿಂತ ಪೈಪಿಗಲ್ಲ.

ಕೊನೆಗೆ ರೈಸರ್ ಬಳಿ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಫಲಕ ಹಾಕಿಸಿ. ವಿನ್ಯಾಸದ ಜಾಗ, ಡೆನ್ಸಿಟಿ, ವಿಸ್ತೀರ್ಣ, ರೈಸರ್ ಬುಡದಲ್ಲಿ ಬೇಕಾದ ಹರಿವು ಮತ್ತು ಒತ್ತಡ, ಹೋಸ್‌ಗೆ ಬಿಟ್ಟ ನೀರು, ಇಷ್ಟು ಅದರ ಮೇಲಿರಬೇಕು. ನಾನು ಇದರ ಜೊತೆ ಇಂಟರ್‌ಲಾಕ್ ಯಾವುದು, ಸಿ ಬೆಲೆ ಎಷ್ಟು, ಪೈಪು ಯಾವ ಕ್ಲಾಸ್ ಅನ್ನುವುದನ್ನೂ ಬರೆಸುತ್ತೇನೆ, ಕನ್ನಡದಲ್ಲೂ. ಐದು ವರ್ಷದ ನಂತರ ಪಕ್ಕದ ರೂಮನ್ನೂ ಸೇರಿಸಿ ಸರ್ವರ್ ರೂಮು ದೊಡ್ಡದು ಮಾಡಲು ಬರುವ ಎಂಜಿನಿಯರ್‌ಗೆ ಹಳೇ ಫೈಲ್ ಸಿಗುವುದು ಅನುಮಾನ. ಗೋಡೆಯ ಮೇಲಿನ ಫಲಕವಂತೂ ಅಲ್ಲೇ ಇರುತ್ತದೆ.